ಐದನೇ ಫಾರಂ

ಮಾರ್ಚ್ ೩, ಸೋಮವಾರ

ಈ ಪುಸ್ತಕ ನಾನೇ ಕಟ್ಟಿದ್ದು. ಅಂಚು ಕತ್ತರಿಸಿ ಉಳಿದ ಹಾಳೆಗಳನ್ನು ಕೂಡಿಸಿ, ಹೊಲಿದು, ಮಿಕ್ಕ ರಟ್ಟಿನ ಹೊದಿಕೆ ಹಾಕಿ ಇಟ್ಟು ಎಷ್ಟೋ ಕಾಲವಾಯಿತು. ಬರೆಯುವುದಕ್ಕೆ ಏನೂ ಇರಲಿಲ್ಲ. ನೆಮ್ಮದಿಯಾಗಿರುವವರು ಯಾಕೆ ಬರೆಯುತ್ತಾರೆ? ಇವತ್ತು ನೆಮ್ಮದಿ ಕೆಟ್ಟಿದೆ, ಅದಕ್ಕೆ ತೆರೆದೆ.

ಬೆಳಗ್ಗೆ ಯಜಮಾನರು ಕಂಬಿ ಹಿಡಿದು, ನಿಂತು ನಿಂತು ಮೆಟ್ಟಿಲು ಹತ್ತಿ ಬಂದರು. ನಮ್ಮ ಬೈಂಡಿಂಗ್ ಅಂಗಡಿ ಇರುವುದು ಮಾಳಿಗೆಯ ಮೇಲೆ. "ನನ್ನ ಮಂಡಿ ಇನ್ನು ಈ ಮೆಟ್ಟಿಲು ಹತ್ತಲ್ಲ ಅಂತ ನೋಟೀಸು ಕೊಟ್ಟಿದೆ ಕಣ್ರಮ್ಮ" ಅಂದರು. ಎಲ್ಲರೂ ನಕ್ಕೆವು. ಮುಂದಿನ ಮಾತಿಗೆ ಯಾರೂ ನಗಲಿಲ್ಲ.

"ಕತ್ತರಿಸೋ ಮಿಷನ್ನು, ಒತ್ತೋ ಪ್ರೆಸ್ಸು, ಮೇಜು, ಒಲೆ ಎಲ್ಲಾನೂ ನಿಮಗೇ ಬಿಟ್ಟುಕೊಡ್ತೀನಿ. ಒಬ್ಬೊಬ್ಬರಿಗಲ್ಲ, ಏಳು ಜನಕ್ಕೂ ಸೇರಿಸಿ. ನೀವೇ ಕೆಲಸ ತನ್ನಿ, ನೀವೇ ಮಾಡಿ, ನೀವೇ ಹಂಚ್ಕೊಳ್ಳಿ. ಆದ್ರೆ ಏಳೂ ಜನ ಮನಸಾರೆ ಒಪ್ಪಬೇಕು. ಒಬ್ಬರು ಒಲ್ಲೆ ಅಂದ್ರೂ ಪಕ್ಕದ ಗೋಡೌನಿನವನಿಗೆ ಕೊಟ್ಟುಬಿಡ್ತೀನಿ. ಒಲ್ಲದ ಮನಸ್ಸು ಬಿರುಕು ಬಿಟ್ಟ ಗಡಿಗೆ ಇದ್ದ ಹಾಗೆ. ನೀರು ತುಂಬಿದ ಮೇಲೆ ಗೊತ್ತಾಗತ್ತೆ. ತಿಂಗಳ ಕೊನೇಲಿ ಹೇಳಿ."

ಕಟಿಂಗ್ ಅಣ್ಣ, ನಮ್ಮಲ್ಲಿ ಹಾಳೆ ಕತ್ತರಿಸುವವನು, ಮಿಷನ್ನಿನ ತಲೆಯ ಮೇಲೆ ಕೈಯಿಟ್ಟು ಮಗುವಿನ ಹಾಗೆ ಸವರಿದ. ನಮ್ಮ ಜೊತೆಗೇ ಕೆಲಸ ಮಾಡುವ ನನ್ನ ನಾದಿನಿಗೆ ಕಣ್ಣಲ್ಲಿ ನೀರು ಬಂತು. ನನಗೂ ಖುಷಿಯಾಗಬೇಕಿತ್ತು. ಆದರೆ ನಾನು ಯೋಚಿಸಿದ್ದು ಒಂದೇ: ಎಲ್ಲ ಎಲ್ಲರದ್ದು ಅಂದರೆ, ನನ್ನ ಕಿಟಕಿ?

ಮಾರ್ಚ್ ೪, ಮಂಗಳವಾರ

ನಿನ್ನೆ ಅಂದುಕೊಂಡದ್ದು ಇವತ್ತೇ ಬಂತು.

ನಮ್ಮ ಅಂಗಡಿಗೆ ಕಿಟಕಿ ಒಂದೇ. ಅದರ ಪಕ್ಕದ ಮೇಜು ನನ್ನದು. ನನಗಿಂತ ಮುಂಚೆ ಅಲ್ಲಿ ನಮ್ಮತ್ತೆ ಕೂರುತ್ತಿದ್ದರು, ಹಾಳೆ ಮಡಚುವುದನ್ನು ನನಗೆ ಕಲಿಸಿದ್ದು ಅಲ್ಲೇ. ಬೆಳಕು ಎಡಗಡೆಯಿಂದ ಬರುತ್ತದೆ, ಸೂಜಿಯ ಕಣ್ಣು ತಾನೇ ತೋರುತ್ತದೆ. ಕೆಳಗಿನ ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡುತ್ತಾರೆ. ದೂರದಲ್ಲಿ ದೇವಾಲಯದ ತುದಿ ಕಾಣುತ್ತದೆ, ಗಂಟೆ ಹೊಡೆದಾಗ ಸೂಜಿ ನಿಲ್ಲಿಸಿ ಕಣ್ಣು ಮುಚ್ಚುತ್ತೇನೆ. ನನಗೆ ಅಷ್ಟು ಸಾಕು.

ಒಳಮೂಲೆಯಲ್ಲಿ ಗೋಂದಿನ ಒಲೆ. ಅಲ್ಲಿ ಕೂರುವವಳನ್ನು ಎಲ್ಲರೂ ಗೋಂದಕ್ಕ ಅನ್ನುತ್ತೇವೆ. ಅಂಟು ಕಾಯಿಸುವುದು, ಬೆನ್ನಿಗೆ ಬಳಿಯುವುದು, ರಟ್ಟು ಕೂರಿಸುವುದು ಅವಳ ಕೆಲಸ. ಬಾಯಿಯೂ ಗೋಂದೇ, ಹಿಡಿದ ಮಾತು ಬಿಡುವುದಿಲ್ಲ. ಊಟದ ಹೊತ್ತಿಗೆ ಅವಳು ಹೇಳಿದಳು:

"ಎಲ್ಲ ಎಲ್ಲರದ್ದೂ ಆದ್ಮೇಲೆ ಜಾಗಾನೂ ಎಲ್ಲರದ್ದೇ. ವಾರಕ್ಕೊಬ್ಬರು ಜಾಗ ಬದಲಾಯಿಸೋಣ. ಕೈಯಲ್ಲಿ ಹಿಡಿಯೋ ಸಾಮಾನೆಲ್ಲ ಒಂದೇ ಪೆಟ್ಟಿಗೇಲಿ ಇಡೋಣ, ಸೂಜಿ, ಕತ್ತರಿ, ಮಡಚೋ ಪಟ್ಟಿ."

"ನನ್ನ ಪಟ್ಟಿ ಅತ್ತೆ ಕಾಲದ್ದು" ಅಂದೆ. ಹಾಳೆಯ ಮಡಿಕೆಯನ್ನು ಒತ್ತಿ ಕೂರಿಸುವ ಪಟ್ಟಿ ಅದು.

"ಹಾಗೆ ನೋಡಿದ್ರೆ ಅದು ನಮ್ಮಮ್ಮಂದು ಅತ್ತಿಗೆ. ನಿಮ್ಮದು ಯಾವಾಗ ಆಯ್ತು?" ಎಂದಳು ನಾದಿನಿ. ಎಲ್ಲರೂ ಗೊಳ್ಳೆಂದರು. ಅವಳು ತಮಾಷೆಗೇ ಅಂದದ್ದು. ಆದರೂ ಪಟ್ಟಿಯನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಕಿಟಕಿ ಬಿಟ್ಟು ಏಳಲ್ಲ ನಾನು" ಅಂದೆ.

ಗೋಂದಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆಗ್ಲಿ ಕಿಟಕಿಯಮ್ಮ. ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರು, ಅಲ್ವಾ?"

ಸಂಜೆಯೊಳಗೆ ಆ ಹೆಸರು ಎಲ್ಲರ ಬಾಯಿಗೂ ಬಂದಿತ್ತು. ದೇವರೇ, ನನಗೆ ಯಾರ ಆಸ್ತಿಯೂ ಬೇಡ. ನನ್ನ ಕಿಟಕಿ ನನಗೆ ಇರಲಿ.

ಮಾರ್ಚ್ ೭, ಶುಕ್ರವಾರ

ಮನೆಯಲ್ಲಿ ಇವರಿಗೆ ಹೇಳಿದೆ. ಇವರದು ಸೈಕಲ್ ರಿಪೇರಿ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಅಂಗಡಿ ಅಂದರೆ ಒಂದು ಬಾಗಿಲು, ಒಂದು ಸ್ಟೂಲು, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಸ್ಪ್ಯಾನರು. ಒಂದು ಸ್ಕ್ರೂಡ್ರೈವರ್ ಅತ್ತಿತ್ತ ಆದರೂ ಊರು ಕೊಳ್ಳೆ ಹೋದ ಹಾಗೆ ಕೂಗುತ್ತಾರೆ.

"ನನ್ನ ನೋಡು. ನಾನೇ ರಾಜ, ನಾನೇ ಪ್ರಜೆ. ಬಾಗಿಲು ತೆಗೀಬೇಕು ಅನ್ಸಿದಾಗ ತೆಗೀತೀನಿ. ಯಾರನ್ನೂ ಕೇಳಬೇಕಾಗಿಲ್ಲ."

"ಮೊನ್ನೆ ಜ್ವರ ಬಂದಾಗ ರಾಜ್ಯ ಯಾರು ನೋಡ್ಕೊಂಡ್ರು?"

"ಮುಚ್ಚಿತ್ತು" ಅಂದರು, ಸ್ವಲ್ಪ ಸಣ್ಣ ದನಿಯಲ್ಲಿ. ಆಮೇಲೆ, "ನೀನೂ ಬೇಡ ಅನ್ನು. ಮುಂದಿನ ಜಗಲೀಲಿ ಒಂದು ಮೇಜು ಹಾಕಿಕೊಡ್ತೀನಿ. ಹರಿದ ಪುಸ್ತಕ ತಂದುಕೊಡೋರಿಗೆ ಬರವೇ? ಕಿಟಕಿ ಏನು, ಇಡೀ ಆಕಾಶಾನೇ ನಿಂದು."

ಜಗಲಿಯಲ್ಲಿ ಹೋಗಿ ಒಂದು ಗಳಿಗೆ ಕೂತು ನೋಡಿದೆ. ಬೆಳಕು ಚೆನ್ನಾಗಿದೆ. ಮಾತಾಡುವವರು ಯಾರೂ ಇಲ್ಲ.

ಮಾರ್ಚ್ ೧೦, ಸೋಮವಾರ

ದೊಡ್ಡ ಕೆಲಸ ಬಂದಿದೆ. ಕಾಲೇಜಿನ ಒಬ್ಬ ಪ್ರೊಫೆಸರು ಬರೆದ ದಪ್ಪ ಪುಸ್ತಕ. ನಮ್ಮಲ್ಲಿ ಕೆಲಸ ಹೀಗೆ: ಛಾಪಖಾನೆಯಿಂದ ದೊಡ್ಡ ದೊಡ್ಡ ಹಾಳೆ ಬರುತ್ತವೆ, ಒಂದೊಂದರಲ್ಲಿ ಹದಿನಾರು ಪುಟ. ಅದಕ್ಕೆ ಫಾರಂ ಅನ್ನುತ್ತೇವೆ. ಬಿಚ್ಚಿದ ಹಾಳೆಯಲ್ಲಿ ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ, ಸರಿಯಾಗಿ ಮಡಚಿದಾಗ ಎಲ್ಲವೂ ನೆಟ್ಟಗೆ ಸಾಲಾಗಿ ನಿಲ್ಲುತ್ತವೆ. ಒಬ್ಬೊಬ್ಬರು ಒಂದೊಂದು ಫಾರಂ ಹಿಡಿದು ಅದನ್ನೇ ಮಡಚುತ್ತಾ ಹೋಗುತ್ತೇವೆ. ಹಾಗಾಗಿ ಯಾವ ಪುಸ್ತಕದಲ್ಲಾದರೂ ನಮಗೆ ಗೊತ್ತಿರುವುದು ಹದಿನಾರೇ ಪುಟ. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಒಂದು ಕಾದಂಬರಿಯಲ್ಲಿ ನನಗೆ ಮದುವೆ ಸಿಕ್ಕಿತ್ತು, ನಾದಿನಿಗೆ ಅದೇ ಗಂಡನ ಸಾವು. ಅವಳು ವಾರವೆಲ್ಲ ಅತ್ತಳು, ನಾನು ನಗುತ್ತಾ ಮಡಚಿದೆ.

ಈ ಸಲ ನನಗೆ ನಾಲ್ಕನೇ ಫಾರಂ. ಪುಟದ ಮೇಲುಗಡೆ ಸಣ್ಣಕ್ಷರದಲ್ಲಿ 'ಸ್ವಾತಂತ್ರ್ಯ ಮತ್ತು ಒಡೆತನ' ಎಂದಿದೆ. ಎಷ್ಟೋ ಮಾತು ತಲೆಗೆ ಹತ್ತಲಿಲ್ಲ. ಒಂದು ಸಾಲು ಮಾತ್ರ ಎದೆಗೇ ಹೊಕ್ಕಿತು: 'ಒಂದು ಹಿಡಿ ಜಾಗವಾದರೂ ತನ್ನದೆಂದು ಇದ್ದವನು ಮಾತ್ರ ಅರಸನ ಮುಂದೆ ನಿಂತು ಒಲ್ಲೆ ಎನ್ನಬಲ್ಲ.'

ಓದಿ, ಹಾಳೆಗೆ ಕೈಮುಗಿಯಬೇಕು ಅನ್ನಿಸಿತು. ಓದಿದವರೊಬ್ಬರು ನನ್ನ ಪರ ಇದ್ದಾರೆ.

ಮಾರ್ಚ್ ೧೨, ಬುಧವಾರ

ಊಟಕ್ಕೆ ಕೂತಾಗ ಆ ಸಾಲನ್ನು ಗಟ್ಟಿಯಾಗಿ ಹೇಳಿದೆ. ನೋಡ್ರಮ್ಮ, ಪುಸ್ತಕದಲ್ಲೇ ಇದೆ.

ಗೋಂದಕ್ಕನಿಗೆ ಈ ಸಲ ಐದನೇ ಫಾರಂ ಮಡಚಲು ಕೊಟ್ಟಿದ್ದಾರೆ. ಅವಳು ಬಾಯಿ ಒರೆಸಿಕೊಂಡಳು. "ನನ್ನ ಹಾಳೇಲಿ ಏನಿದೆ ಗೊತ್ತಾ? 'ಎಲ್ಲರೂ ಸೇರಿ ತೋಡಿದ ಬಾವಿಗೆ ಹಗ್ಗ ಒಬ್ಬನ ಕೈಯಲ್ಲೇ ಇದ್ದರೆ, ಬಾವಿ ಯಾರದು?' ಹೇಳಿ ಕಿಟಕಿಯಮ್ಮ, ಯಾರದು?"

"ಹಗ್ಗ ಹೊಸೆದೋನು ಯಾರು ಅಂತ ಬರೆದಿದ್ಯಾ?"

"ನೀರು ಕುಡಿಯೋಕೆ ಹಗ್ಗ ಹೊಸೆದೋನ ಕಾಲು ಹಿಡೀಬೇಕು ಅಂತ ಬರೆದಿಲ್ಲ."

ಹೀಗೆ ಅವಳೊಂದು ಸಾಲು, ನಾನೊಂದು ಸಾಲು. ಅವಳ ಹದಿನಾರು ಪುಟ, ನನ್ನ ಹದಿನಾರು ಪುಟ. ಕಟಿಂಗ್ ಅಣ್ಣ ಕಡೆಗೆ ನಾದಿನಿಯನ್ನು ಕೇಳಿದ, "ನಿಂದು ಆರನೇದಲ್ವಾ? ನಿಂದ್ರಲ್ಲಿ ಏನಿದೆ?"

ಅವಳು ಬೆರಳು ನೆಕ್ಕುತ್ತಾ, "ನನ್ನದ್ರಲ್ಲಿ ಇಬ್ಬರೂ ತಪ್ಪು ಅಂತಿದೆ" ಅಂದಳು.

ನಗು ಬಂತು, ತಡೆದುಕೊಂಡೆ. ಗೋಂದಕ್ಕನೂ ತಡೆದುಕೊಂಡದ್ದು ಕಂಡಿತು.

ಮಾರ್ಚ್ ೧೪, ಶುಕ್ರವಾರ

ಸಂಜೆ ಗೋಂದಕ್ಕ ಮನೆಗೆ ಎದ್ದು ಹೋಗುವಾಗ ಒಂದು ಮಾತು ಹೇಳಿದಳು. ಜಗಳದ ದನಿಯಲ್ಲಿ ಅಲ್ಲ. "ಇಲ್ಲಿಗೆ ಸೇರಿದಾಗಿಂದ ನಾನು ಗೋಡೆ ನೋಡ್ತಾ ಇದೀನಿ. ಆ ಗೋಡೇಲಿ ಎಷ್ಟು ಬಿರುಕು, ಯಾವ ಬಿರುಕು ಯಾವ ಪ್ರಾಣಿ ಥರ ಇದೆ, ಎಲ್ಲ ಬಾಯಿಪಾಠ. ಬೀದೀಲಿ ಮೆರವಣಿಗೆ ಹೋದ್ರೆ ನೀವು ಹೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಅವಳ ಗೋಡೆಯನ್ನು ನಾನು ಯಾವತ್ತೂ ನೋಡಿಯೇ ಇರಲಿಲ್ಲ. ಕಿಟಕಿಯಲ್ಲಿ ಕೂತರೆ ನನ್ನ ಬೆನ್ನಿರುವುದು ಆ ಕಡೆಗೆ.

ಆದರೂ ಬಿಟ್ಟುಕೊಡುವುದಿಲ್ಲ.

ಮಾರ್ಚ್ ೧೫, ಶನಿವಾರ

ಒಂದು ಪೀಕಲಾಟ. ನನ್ನ ಫಾರಂನ ಕೊನೆಯ ಪುಟದ ಕೊನೆಯ ಸಾಲು ಅರ್ಧಕ್ಕೇ ನಿಂತಿದೆ. 'ಎಲ್ಲರಿಗೂ ಸೇರಿದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಕೇಳುವವನು, ಅದಕ್ಕಿಂತ ಮೊದಲು ಕೇಳಬೇಕಾದದ್ದು'. ಅಷ್ಟೇ. ಏನು ಕೇಳಬೇಕು? ಅದು ಐದನೇ ಫಾರಂನ ಮೊದಲ ಪುಟದಲ್ಲಿದೆ. ಅಂದರೆ ಗೋಂದಕ್ಕನ ಮೇಜಿನ ಮೇಲೆ.

ಅಡುಗೆ ಮಾಡುವಾಗಲೂ ಅದೇ ಯೋಚನೆ. ಎಷ್ಟು ಕೊಡುತ್ತೀರಿ ಅಂತ ಕೇಳಬೇಕೇ? ಯಾರು ಹಂಚುತ್ತಾರೆ ಅಂತಲೇ? ಇವರನ್ನು ಕೇಳಿದರೆ, "ಮೊದಲು ಸಾರಿಗೆ ಉಪ್ಪು ಹಾಕಿದೀಯಾ ಅಂತ ಕೇಳಬೇಕು" ಅಂದರು. ಹಾಕಿರಲಿಲ್ಲ.

ಅವಳನ್ನು ಕೇಳಿದರೆ ಒಂದು ನಿಮಿಷದ ಮಾತು. ಕೇಳುವುದಿಲ್ಲ.

ಮಾರ್ಚ್ ೧೮, ಮಂಗಳವಾರ

ಮಡಚುವುದು ಮುಗಿಯಿತು. ಇವತ್ತು ಕೂಡಿಸುವ ಕೆಲಸ. ಉದ್ದ ಮೇಜಿನ ಸುತ್ತ ಫಾರಂಗಳ ರಾಶಿ ಸಾಲಾಗಿ ಇಟ್ಟು, ಎಲ್ಲರೂ ಒಬ್ಬರ ಹಿಂದೊಬ್ಬರು ಸುತ್ತು ಬರುತ್ತಾ ಒಂದೊಂದು ರಾಶಿಯಿಂದ ಒಂದೊಂದು ಎತ್ತಿಕೊಳ್ಳುತ್ತೇವೆ. ಒಂದು ಸುತ್ತಿಗೆ ಒಂದು ಪುಸ್ತಕ. ನನಗೆ ಯಾವಾಗಲೂ ಇದು ದೇವರಿಗೆ ಸುತ್ತು ಬಂದ ಹಾಗೇ ಅನ್ನಿಸುತ್ತದೆ. ಹಾಡೂ ಹೇಳಿಕೊಳ್ಳುತ್ತೇವೆ.

ಈ ಸಲ ನಾನು ಸುತ್ತಿಗೆ ಸೇರಲಿಲ್ಲ. ಅವಳ ಹಿಂದೆ ನಡೆಯಬೇಕು, ಇಲ್ಲ ಅವಳು ನನ್ನ ಹಿಂದೆ. ಎರಡೂ ಬೇಡ. ನನ್ನ ಪಾಲಿನ ಹಾಳೆಗಳನ್ನು ಕಿಟಕಿಯ ಹತ್ತಿರ ತಂದು ಕೂತಲ್ಲೇ ಕೂಡಿಸಿಕೊಂಡೆ. ಯಾರೂ ಏನೂ ಅನ್ನಲಿಲ್ಲ. ಅವರ ಹಾಡು ಮಾತ್ರ ಕೇಳಿಸುತ್ತಿತ್ತು. ನಾನಿಲ್ಲದೆ ಎತ್ತರದ ದನಿ ಹಿಡಿಯುವವರು ಯಾರೂ ಇರಲಿಲ್ಲ. ನನಗೆ ತಾನೇ ಏನು?

ಮಾರ್ಚ್ ೧೯, ಬುಧವಾರ

ದಿನವೆಲ್ಲ ಹೊಲಿದೆ. ಕೈ ಚುರುಕಾಗಿತ್ತು. ಒಂಟಿಯಾಗಿ ಕೂತರೆ ಕೆಲಸ ಬೇಗ ಸಾಗುತ್ತದೆ. ಜಗಲಿಯಲ್ಲಿ ಮೇಜು ಹಾಕಿಸುವುದೇ ಸರಿ. ಇವರಿಗೆ ಹೇಳಿದೆ, ಹಲಗೆ ಹುಡುಕುತ್ತಿದ್ದಾರೆ.

ಮಾರ್ಚ್ ೨೦, ಗುರುವಾರ

ಬರೆಯುವುದಕ್ಕೇ ನಾಚಿಕೆ. ಆದರೆ ಬರೆದರೆ ಹಗುರವಾದೀತು.

ಮಧ್ಯಾಹ್ನ ಕಟಿಂಗ್ ಅಣ್ಣ ಹೊಲಿದ ಪುಸ್ತಕಗಳನ್ನು ಪ್ರೆಸ್ಸಿಗೆ ಜೋಡಿಸುತ್ತಿದ್ದ. ಒಂದು ಅಟ್ಟಿ ಇನ್ನೊಂದರ ಪಕ್ಕ ಇಟ್ಟು, ತಲೆ ಓರೆ ಮಾಡಿ ನೋಡಿದ. "ಇದ್ಯಾಕೆ ಗಿಡ್ಡ?"

ಮೇಲಿನದನ್ನು ಎತ್ತಿ ಬೆರಳಾಡಿಸಿದ. ಮೂರನೇ ಫಾರಂ, ನಾಲ್ಕನೇ ಫಾರಂ, ಆರನೇ ಫಾರಂ.

ನನ್ನ ಪಾಲಿನ ಐದನೇ ಫಾರಂ ಇನ್ನೂ ಗೋಂದಕ್ಕನ ಮೇಜಿನ ಮೇಲೇ ಇತ್ತು. ಅವಳು ನೀರಿಗೆ ಎದ್ದು ಹೋದಾಗ ತಂದುಕೊಳ್ಳೋಣ ಅಂದುಕೊಂಡಿದ್ದೆ. ಅವಳು ಎದ್ದಾಗ ನಾನು ಬೀದಿ ನೋಡುತ್ತಿದ್ದೆನೋ ಏನೋ, ಮರೆತೇಬಿಟ್ಟೆ. ನಾನು ಹೊಲಿದ ಅಷ್ಟೂ ಪುಸ್ತಕದಲ್ಲಿ ಐದನೇ ಫಾರಂ ಇಲ್ಲ. ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ, ನನ್ನ ಗಂಟು ಹಾಕುವ ರೀತಿ ಎಲ್ಲರಿಗೂ ಗೊತ್ತು.

ನಾನು ಎದ್ದು ನಿಂತೆ. ಬೈಯಲಿ ಅಂತ ಕಾದೆ. ಗೋಂದಕ್ಕನ ಬಾಯಿ ತೆರೆಯುವುದನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಪ್ರೊಫೆಸರ ಫೋನು ಬಂತು, ನಾಳೆ ಪುಸ್ತಕ ಸಿಗುತ್ತದಾ ಅಂತ. ಕಟಿಂಗ್ ಅಣ್ಣ ನನ್ನ ಕಡೆ ನೋಡಿದ, ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. "ಇಲ್ಲ ಸಾರ್. ನಮ್ಮಿಂದ ಒಂದು ತಪ್ಪಾಗಿದೆ. ಹೌದು ಸಾರ್, ನಮ್ಮಿಂದಾನೇ. ಬಿಚ್ಚಿ ಹೊಲಿದು ಕೊಡ್ತೀವಿ, ಸೋಮವಾರ ಬನ್ನಿ." ಫೋನು ಇಟ್ಟ.

ನಮ್ಮಿಂದ ಅಂದ.

ಪಾಲು ಅಂದರೆ ಬರುವುದರಲ್ಲಿ ಪಾಲು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ.

ಮಾರ್ಚ್ ೨೧, ಶುಕ್ರವಾರ

ಬೆಳಗ್ಗೆ ಬೇಗ ಹೋದೆ, ಯಾರೂ ಬರುವ ಮುಂಚೆ ಬಿಚ್ಚಲು ಶುರು ಮಾಡೋಣ ಅಂತ. ಗೋಂದಕ್ಕ ಆಗಲೇ ಬಂದಿದ್ದಳು. ನನ್ನ ಅಟ್ಟಿಯನ್ನು ಉದ್ದ ಮೇಜಿಗೆ ತಂದು, ಕುರ್ಚಿ ಎಳೆದುಕೊಂಡು ದಾರ ಕತ್ತರಿಸುತ್ತಿದ್ದಳು.

"ನಾನು ಮಾಡ್ಕೋತೀನಿ ಬಿಡಿ" ಅಂದೆ.

"ಹೌದೌದು, ಒಬ್ಬರೇ ಕೂತು ಮಾಡಿದ್ದನ್ನ ನೋಡಿದ್ವಲ್ಲ" ಅಂದಳು. "ಕೂತ್ಕೊಳ್ಳಿ. ನಾನು ಬಿಚ್ತೀನಿ, ನೀವು ಹೊಲೀರಿ. ಐದನೇದು ನಾನೇ ಮಡಚಿದ್ದು. ಅದನ್ನ ಹೊರಗಿಟ್ರೆ ನನಗೂ ಬೇಜಾರಾಗಲ್ವಾ?"

ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ಕೂತರು. ನಾದಿನಿ ಹಳೆಯ ದಾರದ ತುಂಡುಗಳನ್ನು ಕೂಡಿಸಿ ಹೂವಿನ ಹಾಗೆ ಗಂಟು ಕಟ್ಟಿ ನನ್ನ ಮುಡಿಗೆ ಸಿಕ್ಕಿಸಿದಳು. "ತಪ್ಪು ಮಾಡಿದ ಅತ್ತಿಗೆಗೆ ಬಹುಮಾನ." ಒಂದಿಡೀ ದಿನದ ಕೆಲಸ ಹಾಳು ಮಾಡಿದವಳಿಗೆ ಇಷ್ಟು ನಗು ಬರಬಾರದು. ಬಂತು.

ಮೊದಲನೆಯ ಪುಸ್ತಕಕ್ಕೆ ನಾಲ್ಕರ ಪಕ್ಕ ಐದನ್ನು ಇಟ್ಟು ಸೂಜಿ ಚುಚ್ಚುವ ಮುಂಚೆ ಪುಟ ತೆರೆದೆ. ಅರ್ಧಕ್ಕೆ ನಿಂತ ಸಾಲಿನ ಮಿಕ್ಕರ್ಧ ಅಲ್ಲಿತ್ತು:

'ಅದರಲ್ಲಿ ನಿಂತು ಒಲ್ಲೆ ಎನ್ನಲು ನನಗೆ ಬಿಡುವಿರೇ ಎಂಬುದನ್ನು.'

ಎರಡು ಸಲ ಓದಿದೆ. ನನ್ನ ಫಾರಂನಲ್ಲಿ ಒಲ್ಲೆ ಅನ್ನಲು ಒಂದು ಹಿಡಿ ಜಾಗ ಬೇಕು ಅಂತಿತ್ತು. ಅವಳ ಫಾರಂನಲ್ಲಿ ಆ ಜಾಗ ಎಲ್ಲರ ನಡುವೆಯೇ ಇರಬಹುದು ಅಂತಿದೆ. ಒಂದೇ ವಾಕ್ಯ ಅದು. ಹದಿನಾರು ಪುಟಕ್ಕೆ ಹಾಳೆ ಮುಗಿಯಿತು, ಅದಕ್ಕೆ ಎರಡಾಗಿತ್ತು.

"ಏನು, ನಿಮ್ಮ ಅರಸ ಸಿಕ್ಕಿದ್ನಾ?" ಗೋಂದಕ್ಕ ಕೇಳಿದಳು.

"ನಿಮ್ಮ ಬಾವೀಲೇ ಇದ್ದ" ಅಂದೆ.

ಮಾರ್ಚ್ ೨೨, ಶನಿವಾರ

ದಾರ ಎರಡು ಫಾರಂಗಳ ನಡುವೆ ಹಾದು ಹೋಗುತ್ತದೆ, ಎರಡನ್ನೂ ಅಂಟಿಸುವುದಿಲ್ಲ. ಹಾಗಾಗಿಯೇ ಪುಟ ತೆರೆದುಕೊಳ್ಳುತ್ತದೆ. ಬರೀ ಗೋಂದು ಹಾಕಿದರೆ ಪುಸ್ತಕ ಬಿರುಸಾಗುತ್ತದೆ, ಬರೀ ದಾರವಾದರೆ ಸಡಿಲ. ಇದನ್ನು ನಾನು ಗೋಂದಕ್ಕನಿಗೆ ಹೇಳಿದೆ. ಅವಳು, "ನಾನಿಲ್ಲದೆ ನೀವು ಸಡಿಲ ಅಂತ ಒಪ್ಪಿದ್ರಲ್ಲ, ಅಷ್ಟು ಸಾಕು" ಅಂದಳು. ಇವಳ ಹತ್ತಿರ ಒಳ್ಳೆಯ ಮಾತು ಆಡುವ ಹಾಗೇ ಇಲ್ಲ.

ಇವರು ಹಲಗೆ ತಂದಿದ್ದಾರೆ. ಇರಲಿ, ಪಾತ್ರೆ ಬೋರಲು ಹಾಕಲು ಆಗುತ್ತದೆ.

ಮಾರ್ಚ್ ೨೪, ಸೋಮವಾರ

ಪ್ರೊಫೆಸರು ಪುಸ್ತಕ ಒಯ್ಯಲು ಬಂದಿದ್ದರು. ಮೆತ್ತಗಿನ ಮನುಷ್ಯ. ತಡವಾದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಧೈರ್ಯ ಮಾಡಿ ಕೇಳಿದೆ, "ಸಾರ್, ಕೊನೆಗೆ ಯಾವುದು ಸರಿ? ನನ್ನದು ನನಗೆ ಅನ್ನೋದಾ, ಎಲ್ಲ ಎಲ್ಲರದ್ದು ಅನ್ನೋದಾ?"

ಅವರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದರು. "ಗೊತ್ತಿದ್ರೆ ಇಷ್ಟು ದಪ್ಪ ಆಗ್ತಿರಲಿಲ್ಲಮ್ಮ."

ಒಳ್ಳೆಯವರು. ಅವರ ಕೈಯಲ್ಲಿ ದೇವರು ಇನ್ನೂ ಬರೆಸಲಿ. ನಮಗೂ ಕೆಲಸ ಬರುತ್ತದೆ.

ಮಾರ್ಚ್ ೩೧, ಸೋಮವಾರ

ಯಜಮಾನರಿಗೆ ಹತ್ತಲಾಗುವುದಿಲ್ಲ ಅಂತ, ಬಾಗಿಲಿಗೆ ಬೀಗ ಹಾಕಿ ನಾವೇ ಇಳಿದೆವು. ಅವರು ಕೆಳಗಿನ ಮೆಟ್ಟಿಲ ಮುಂದೆ ಕುರ್ಚಿ ಹಾಕಿ ಕೂತರು. ನಾವು ಮೆಟ್ಟಿಲ ಮೇಲೆ, ಒಬ್ಬೊಬ್ಬರು ಒಂದೊಂದು ಮೆಟ್ಟಿಲು. ಕೇಳುತ್ತಾ ಬಂದರು. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ. ನಾನು ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿದ್ದೆ. ಎಲ್ಲರೂ ಕತ್ತು ತಿರುಗಿಸಿದರು.

"ನನ್ನದು ಒಂದು ಒಲ್ಲೆ ಇದೆ" ಅಂದೆ.

ನಾದಿನಿ "ಅಯ್ಯೋ ಅತ್ತಿಗೆ" ಅಂದಳು.

"ಪೂರ್ತಿ ಕೇಳೇ. ಜಾಗ ಬದಲಾಯಿಸೋಣ, ಕಿಟಕಿ ಬಿಡ್ತೀನಿ. ಆದ್ರೆ ನನ್ನ ಮಡಚೋ ಪಟ್ಟಿ ಪೆಟ್ಟಿಗೆಗೆ ಹಾಕಲ್ಲ. ಅದು ಬೇಡ ಅಂದ್ರೆ ನಾನು ಕೋಪ ಮಾಡ್ಕೊಂಡು ಹೋಗಲ್ಲ, ಆದ್ರೆ ಒಲ್ಲೆ ಅಂತ ಹೇಳೇ ಹೇಳ್ತೀನಿ."

ಪೆಟ್ಟಿಗೆಯ ಮಾತು ಗೋಂದಕ್ಕನದೇ. ಅವಳು ಮೂರು ಮೆಟ್ಟಿಲು ಕೆಳಗಿನಿಂದ ಕೈಚಾಚಿ, "ಕೊಡಿ ಇಲ್ಲಿ" ಅಂದಳು. ಕೊಟ್ಟೆ. ಅವಳು ಅದನ್ನು ಹಿಡಿದು ನೋಡಿದಳು. ಅತ್ತೆಯ ಹೆಬ್ಬೆರಳಿಗೂ ನನ್ನ ಹೆಬ್ಬೆರಳಿಗೂ ಸವೆದು ಅದರಲ್ಲೊಂದು ಹಳ್ಳ ಬಿದ್ದಿದೆ. ತನ್ನ ಹೆಬ್ಬೆರಳಿಟ್ಟಳು, ಹೊಂದಲಿಲ್ಲ.

"ಇದು ಪೆಟ್ಟಿಗೇಲಿ ಹಾಕಿದ್ರೂ ಯಾರಿಗೂ ಆಗಿ ಬರಲ್ಲ. ಅವರ ಹತ್ರಾನೇ ಇರಲಿ. ಒಬ್ಬೊಬ್ಬರು ಒಂದೊಂದು ಸಾಮಾನು ಸ್ವಂತಕ್ಕೆ ಇಟ್ಕೋಬಹುದು ಅಂತ ಮಾಡಿ. ನಾನು ನನ್ನ ಗೋಂದಿನ ಕುಂಚ ಇಟ್ಕೋತೀನಿ. ಅದನ್ನ ಬೇರೆಯವರು ಮುಟ್ಟಿದ್ರೆ ಕೂದಲು ಉದುರಿಸಿಬಿಡ್ತಾರೆ."

ಇಷ್ಟು ದಿನ ತನ್ನದೂ ಒಂದಿತ್ತು, ನೋಡಿ!

ಎಲ್ಲರೂ ಸರಿ ಅಂದರು. ನನಗೆ ಧೈರ್ಯ ಹೆಚ್ಚಾಗಿ, "ಇನ್ನೊಂದು. ಯಾರಾದ್ರೂ ಒಲ್ಲೆ ಅಂದ್ರೆ ಅವರನ್ನ ಕಿಟಕಿಯಮ್ಮ ಅಂತೆಲ್ಲ ಆಡ್ಕೋಬಾರದು" ಅಂದೆ.

"ಅದೊಂದು ಮಾತ್ರ ಆಗಲ್ಲ" ಅಂದಳು ಗೋಂದಕ್ಕ. ಯಜಮಾನರು ಮಂಡಿ ಹಿಡಿದುಕೊಂಡು ನಕ್ಕರು. ಆಮೇಲೆ ಬೀಗದ ಕೈ ತೆಗೆದು ಹತ್ತಿರದ ಮೆಟ್ಟಿಲಿನವಳ ಕೈಗೆ ಕೊಟ್ಟರು. ಅದು ಕೈಯಿಂದ ಕೈಗೆ ಏರುತ್ತಾ ನನ್ನವರೆಗೆ ಬಂತು. ಮೇಲಿನ ಮೆಟ್ಟಿಲಲ್ಲಿ ಇದ್ದವಳು ನಾನಾದ್ದರಿಂದ ಬಾಗಿಲು ನಾನೇ ತೆಗೆದೆ.

ಏಪ್ರಿಲ್ ೧೧, ಶುಕ್ರವಾರ

ಎಷ್ಟೋ ದಿನವಾಯಿತು ಬರೆದು. ಬಿಡುವೇ ಆಗಲಿಲ್ಲ, ಬರೆಯುವಂಥದ್ದೂ ಏನಿಲ್ಲ.

ಈ ವಾರ ನಾನು ಗೋಂದಿನ ಒಲೆಯ ಹತ್ತಿರ ಇದ್ದೇನೆ. ಮೊದಲ ದಿನ ಎರಡು ಸಲ ಕೈ ಸುಟ್ಟುಕೊಂಡೆ. ಗೋಂದಕ್ಕ ಎದ್ದು ಬಂದು ಕುಂಚ ಹಿಡಿಯುವುದು ತೋರಿಸಿಕೊಟ್ಟಳು. ತನ್ನ ಕುಂಚವನ್ನೇ ಕೊಟ್ಟಳು, ಬೈಯುತ್ತಾ. ಗೋಡೆಯ ಬಿರುಕುಗಳನ್ನು ಒಂದೊಂದಾಗಿ ಪರಿಚಯ ಮಾಡಿಸಿದಳು. ಇದು ಆನೆ, ಇದು ಕೊಕ್ಕರೆ, ಇದು ನಮ್ಮ ಯಜಮಾನರು. ಯಜಮಾನರು ಮಾತ್ರ ಥೇಟ್ ಹಾಗೇ ಇದ್ದಾರೆ. ಕುರ್ಚಿ ಸ್ವಲ್ಪ ತಿರುಗಿಸಿಕೊಂಡರೆ ಇಲ್ಲಿಂದ ಇಡೀ ಅಂಗಡಿ ಕಾಣುತ್ತದೆ, ಎಲ್ಲರ ಮುಖವೂ. ಕಿಟಕಿಯಲ್ಲಿ ಈ ವಾರ ನಾದಿನಿ. ಬೀದಿಯಲ್ಲಿ ಏನು ಹೋದರೂ ಗಂಟಲು ಹರಿಯುವ ಹಾಗೆ ಕೂಗಿ ಹೇಳುತ್ತಾಳೆ. ಗಂಟೆ ಹೊಡೆದದ್ದು ಇಲ್ಲಿಗೂ ಕೇಳಿಸುತ್ತದೆ. ಈಗ ಅವಳು ಕಿಟಕಿಯಮ್ಮ. ಆ ಹೆಸರೂ ಸರದಿಗೆ ಬಿದ್ದಿದೆ.

ನಮ್ಮ ಕಿಟಕಿಯ ಚಿಲಕ ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕಟಿಂಗ್ ಅಣ್ಣನಿಗೆ ಹೇಳಿದರೆ, "ಯಜಮಾನರಿಗೆ ಹೇಳಿ" ಅಂದ. "ಅವರು ಬಿಟ್ಟು ಹೋದ್ರಲ್ಲ" ಅಂದೆ. "ನಾನು ನಿಮಗೇ ಹೇಳ್ತಾ ಇರೋದು, ಯಜಮಾನ್ರೇ." ಸರಿ, ಮಧ್ಯಾಹ್ನ ಮನೆಗೆ ಬಂದಾಗ ಇವರ ಗೋಡೆಯಿಂದ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡು ಹೋಗಿ ನಾನೇ ತಿರುಗಿಸಿದೆ.

ಸಂಜೆ ಇವರು ಮನೆಯೆಲ್ಲ ಒಂದು ಮಾಡುತ್ತಿದ್ದರು. "ನನ್ನ ಸ್ಕ್ರೂಡ್ರೈವರ್ ಎಲ್ಲಿ?"

"ಅಂಗಡೀಲಿದೆ. ನಮ್ಮ ಕಿಟಕಿಗೆ ಬೇಕಿತ್ತು. ಪ್ರೆಸ್ಸಿನ ಬೋಲ್ಟೂ ಸಡಿಲ ಇದೆ ಅಂತ ಅಣ್ಣ ಇಟ್ಕೊಂಡಿದಾನೆ."

"ಅದು ನನ್ನದಲ್ವೇನೇ?"

"ನಿಮ್ಮದೇ. ಯಾರು ಅಲ್ಲ ಅಂದ್ರು? ಕೇಳಿ, ಕೊಡ್ತಾರೆ."

ಅದೇ ಹೊತ್ತಿಗೆ ನೆನಪಾಯಿತು, ನನ್ನ ಮಡಚುವ ಪಟ್ಟಿ ಸೀರೆಯ ಸೊಂಟದಲ್ಲಿ ಇರಲಿಲ್ಲ. ನಿನ್ನೆ ನಾದಿನಿ ಒಂದು ದಪ್ಪ ಹಾಳೆಗೆ ಬೇಕು ಅಂತ ತೆಗೆದುಕೊಂಡಿದ್ದಳು, ಅವಳ ಹತ್ತಿರವೇ ಇರಬೇಕು. ಇಲ್ಲ ಗೋಂದಕ್ಕನ ಹತ್ತಿರ. ನಾಳೆ ನೋಡಿದರಾಯಿತು.

ದೀಪ ಹಚ್ಚಿ ದೇವರ ಮುಂದೆ ನಿಂತೆ. ಏನೋ ಕೇಳಬೇಕು ಅಂತಿತ್ತು, ಏನೆಂದು ಹೊಳೆಯಲಿಲ್ಲ. ಹಿಂದೆ ಇವರು ಗೋಡೆಯ ಖಾಲಿ ಮೊಳೆಯನ್ನು ನೋಡುತ್ತಾ ಗೊಣಗುತ್ತಿದ್ದರು. ಕೈಮುಗಿದು ಬಂದೆ.